ನೀರಿನೊಳಗೆ ನಿಂತ ದೇವಾಲಯ: ಶೆಟ್ಟಿಹಳ್ಳಿಗೆ ಒಂದು ಕಾಲ್ನಡಿಗೆ



ಬೇಸಿಗೆ ರಜೆ ಬಂತೆಂದರೆ ನಮ್ಮ ಕುಟುಂಬಗಳು ವೇಳಾಂಕಣಿಗೋ ಗೋವೆಗೋ ಹೊರಡುತ್ತವೆ. ಒಳ್ಳೆಯದೇ. ಆದರೆ ನಮ್ಮ ನಾಡಿನ ಹಳ್ಳಿಗಳಲ್ಲೇ ನಮ್ಮ ವಿಶ್ವಾಸದ ಚರಿತ್ರೆಯನ್ನು ಹೇಳುವ ಕಲ್ಲು ಇಟ್ಟಿಗೆಗಳಿವೆ. ಅವುಗಳನ್ನು ನೋಡಲು ದೊಡ್ಡ ಖರ್ಚು ಬೇಕಿಲ್ಲ. ಒಂದು ದಿನದ ಬಿಡುವು, ಬುತ್ತಿ, ಸ್ವಲ್ಪ ತಾಳ್ಮೆ ಇದ್ದರೆ ಸಾಕು. ಈ ವಾರ ಅಂಥ ಒಂದು ಸ್ಥಳಕ್ಕೆ ಹೋಗಿಬರೋಣ. ಅದು ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರದ ಶೆಟ್ಟಿಹಳ್ಳಿ. ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಅಲ್ಲಿಯ ಜಪಮಾಲೆ ಮಾತೆಯ ಹಳೆಯ ದೇವಾಲಯ ಛಾವಣಿಯಿಲ್ಲದೆ ನಿಂತಿದೆ.

ಮಳೆಗಾಲದಲ್ಲಿ ನೀರು ಏರಿದಾಗ ಅದರ ಗೋಡೆಗಳ ಮೇಲ್ಭಾಗ ಮಾತ್ರ ಕಾಣುತ್ತದೆ. ನೀರು ಇಳಿದ ಮೇಲೆ, ಬೇಸಿಗೆಯಲ್ಲಿ, ಬಿರುಕುಬಿಟ್ಟ ಒಣ ಮಣ್ಣಿನ ಮೇಲೆ ನಡೆದು ಬಾಗಿಲವರೆಗೂ ಹೋಗಬಹುದು. ನಮ್ಮ ನಡಿಗೆಗೆ ಅದೇ ತಕ್ಕ ಕಾಲ.

ಕಟ್ಟಿದವರು ಯಾರು?

ದೇವಾಲಯದ ಕಡೆಗೆ ನಡೆಯುತ್ತಾ ಸ್ವಲ್ಪ ಚರಿತ್ರೆಯನ್ನು ನೆನೆಯೋಣ. 1799ರಲ್ಲಿ ಶ್ರೀರಂಗಪಟ್ಟಣದ ಯುದ್ಧ ಮುಗಿದಾಗ ಮೈಸೂರು ಸೀಮೆಯ ಕ್ರೈಸ್ತರು ಚದುರಿಹೋಗಿದ್ದರು. ಅವರನ್ನು ಮತ್ತೆ ಒಟ್ಟುಗೂಡಿಸಲು ಬಂದವರು ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಯ ಫ್ರೆಂಚ್ ಗುರು ಅಬ್ಬೆ ದ್ಯುಬುವಾ. ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು. ಹಾಸನದ ಆಸುಪಾಸಿನಲ್ಲಿ ಬಡ ಕ್ರೈಸ್ತ ಕುಟುಂಬಗಳು ಬೇಸಾಯ ಮಾಡಿ ಬದುಕಲು ಅವರು ನೆಲೆ ಒದಗಿಸಿದರು. 1803-04ರಲ್ಲಿ 25,000ಕ್ಕೂ ಹೆಚ್ಚು ಜನರಿಗೆ ಸಿಡುಬಿನ ಲಸಿಕೆ ಹಾಕಿಸಿದರು. 1823ರಲ್ಲಿ ಅವರು ಸ್ವದೇಶಕ್ಕೆ ಮರಳಿದರೂ ಅದೇ ಸಂಸ್ಥೆಯ ಗುರುಗಳು ಸೇವೆಯನ್ನು ಮುಂದುವರಿಸಿದರು. ಸುಮಾರು 1860ರ ಹೊತ್ತಿಗೆ ಶೆಟ್ಟಿಹಳ್ಳಿಯ ದೇವಾಲಯವನ್ನು ಕಟ್ಟಿಸಿದವರೂ ಫ್ರೆಂಚ್ ಮಿಷನರಿಗಳೇ. ನಕ್ಷೆ ಅವರದು. ಆದರೆ ಇಟ್ಟಿಗೆ ಹೊತ್ತವರು, ಸುಣ್ಣ ಅರೆದವರು, ಗಾರೆ ಕಲೆಸಿದವರು ಈ ನೆಲದ ಜನ. ಅವರ ಹೆಸರುಗಳು ಯಾವ ಕಲ್ಲಿನ ಮೇಲೂ ಇಲ್ಲ.

ಗೋಡೆಗಳನ್ನು ಓದುವ ಬಗೆ

ಈಗ ಒಳಗೆ ಬನ್ನಿ. ಉದ್ದನೆಯ ಅಂಗಳ, ಎರಡೂ ಬದಿಗಳಲ್ಲಿ ಸಾಲು ಕಮಾನುಗಳು, ತುದಿಯಲ್ಲಿ ಬಲಿಪೀಠವಿದ್ದ ಜಾಗ. ಈ ಕಟ್ಟಡ ಗೋಥಿಕ್ ಶೈಲಿಯದು. ಮೈಸೂರಿನ ಸಂತ ಫಿಲೋಮಿನಾ ದೇವಾಲಯವನ್ನು ನೋಡಿದವರಿಗೆ ಈ ಶೈಲಿಯ ಪರಿಚಯವಿರುತ್ತದೆ.

ಗೋಥಿಕ್ ಶೈಲಿಯ ಗುಟ್ಟು ಅದರ ಚೂಪು ಕಮಾನಿನಲ್ಲಿದೆ. ಅರ್ಧಚಂದ್ರಾಕಾರದ ಕಮಾನು ಮೇಲಿನ ಭಾರವನ್ನು ಪಕ್ಕಕ್ಕೆ ಹೆಚ್ಚಾಗಿ ತಳ್ಳುತ್ತದೆ. ಆದ್ದರಿಂದ ಗೋಡೆ ಬಹಳ ದಪ್ಪವಿರಬೇಕು. ಚೂಪು ಕಮಾನು ಭಾರವನ್ನು ಹೆಚ್ಚಾಗಿ ಕೆಳಕ್ಕೆ ಇಳಿಸುತ್ತದೆ. ಉಳಿದ ಒತ್ತಡವನ್ನು ಹೊರಗಿನ ಆಸರೆ ಗೋಡೆಗಳು ತಡೆಯುತ್ತವೆ. ಹೀಗಾಗಿ ಗೋಡೆಯನ್ನು ಎತ್ತರಿಸಿ ದೊಡ್ಡ ಕಿಟಕಿಗಳನ್ನು ಇಡಲು ಸಾಧ್ಯವಾಯಿತು. ಒಳಗೆ ಬೆಳಕು ತುಂಬಿತು. ಕಣ್ಣು ತಾನಾಗಿ ಮೇಲಕ್ಕೆ, ಮನಸ್ಸು ದೇವರ ಕಡೆಗೆ ಹೋಗಲಿ ಎಂಬುದು ಕಟ್ಟಿದವರ ಬಯಕೆ. ಲೆಕ್ಕಾಚಾರವೂ ಪ್ರಾರ್ಥನೆಯೂ ಇಲ್ಲಿ ಜೊತೆಯಾಗಿ ಕೆಲಸ ಮಾಡಿವೆ.

ಭಕ್ತರು ನೆರೆಯುವ ಅಂಗಳವನ್ನು ಯೂರೋಪಿನ ಭಾಷೆಗಳಲ್ಲಿ ಹಡಗು ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಅದರ ಮೂಲ 'ನಾವಿಸ್' ಎಂಬ ಲತೀನ್ ಪದ. ನಮ್ಮ 'ನಾವೆ' ಎಂಬ ಮಾತಿಗೂ ಅದಕ್ಕೂ ಒಂದೇ ಬೇರು. ಧರ್ಮಸಭೆಯನ್ನು ನೋಹನ ನಾವೆಗೆ, ಪೇತ್ರರ ದೋಣಿಗೆ ಹೋಲಿಸುವುದು ಹಿರಿಯರಿಂದ ಬಂದ ಪದ್ಧತಿ. ಈ ನಾವೆಯೊಳಕ್ಕೆ ಮಾತ್ರ ನಿಜವಾಗಿಯೂ ನೀರು ನುಗ್ಗಿದೆ. ಅದು ಹೇಗೆ?

ನೀರು ಬಂದ ಕಥೆ

ಕಾವೇರಿಯ ಉಪನದಿಯಾದ ಹೇಮಾವತಿಗೆ ಗೊರೂರಿನ ಬಳಿ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಹಿನ್ನೀರಿನ ಹಲವು ಹಳ್ಳಿಗಳ ಮನೆ ಹೊಲಗಳು ಮುಳುಗಿದವು. ಶೆಟ್ಟಿಹಳ್ಳಿಯ ಜನರೂ ಹಳೆಯ ನೆಲೆ ಬಿಟ್ಟು ಹೋಗಬೇಕಾಯಿತು. ಇದನ್ನು ನಾವು ಎರಡೂ ಕಡೆಯಿಂದ ನೋಡಬೇಕು. ಹೇಮಾವತಿಯ ಕಾಲುವೆಗಳು ಹಾಸನ, ತುಮಕೂರು, ಮಂಡ್ಯ ಸೀಮೆಯ ಗದ್ದೆಗಳಿಗೆ ನೀರು ಕೊಟ್ಟಿವೆ. ಸಾವಿರಾರು ಮನೆಗಳಲ್ಲಿ ಒಲೆ ಉರಿಯಲು ಆ ನೀರು ಕಾರಣ. ಆದರೆ ಆ ಅನ್ನಕ್ಕಾಗಿ ಕೆಲವರು ತಮ್ಮ ಅಂಗಳವನ್ನೂ ತಾವು ಮದುವೆಯಾದ ದೇವಾಲಯವನ್ನೂ ಬಿಟ್ಟುಕೊಟ್ಟರು. ಊಟದ ಮೊದಲು ಶಿಲುಬೆಯ ಗುರುತು ಹಾಕುವ ನಾವು ಅವರನ್ನು ನೆನೆಯುವುದುಂಟೇ?

ಕೆಲವು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದ ಯುವಜನರನ್ನು ಅಲ್ಲಿಗೆ ಕರೆದೊಯ್ದಿದ್ದೆ. ಮುಳುಗಡೆಯಾದ ಊರಿನಿಂದ ಬಂದ ಅಜ್ಜಿಯೊಬ್ಬರೂ ನಮ್ಮ ಜೊತೆಗಿದ್ದರು. ಹುಡುಗರು ಫೋಟೋ ತೆಗೆಯುತ್ತಾ, ಕೇಕೆ ಹಾಕುತ್ತಾ ಒಳಗೆ ನುಗ್ಗಿದರು. ಅಜ್ಜಿ ಬಾಗಿಲಿನ ಬಳಿ ನಿಂತು ಚಪ್ಪಲಿ ಬಿಟ್ಟರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬಲಿಪೀಠವಿದ್ದ ಕಡೆಗೆ ನಡೆದು, ಕೆಸರು ಒಣಗಿದ ನೆಲದಲ್ಲಿ ಮೊಣಕಾಲೂರಿದರು. "ಅಜ್ಜಿ, ಇಲ್ಲಿ ಈಗ ಏನೂ ಇಲ್ಲವಲ್ಲಾ?" ಎಂದು ಹುಡುಗನೊಬ್ಬ ಕೇಳಿದ. "ನನ್ನ ಅಪ್ಪ ಅವ್ವ ಮೊಣಕಾಲೂರಿದ ನೆಲ ಐತಲ್ಲ ಮಗಾ" ಎಂದರು. ಆ ಮೇಲೆ ಯಾರೂ ಹೇಳದೆಯೇ ಹುಡುಗರೆಲ್ಲ ಚಪ್ಪಲಿ ಬಿಟ್ಟರು. ಗುರುಮಠದಲ್ಲಿ ನಾನು ವರ್ಷಗಟ್ಟಲೆ ಓದಿದ ಪಾಠವನ್ನು ಅಜ್ಜಿ ಒಂದೇ ಮಾತಿನಲ್ಲಿ ಮುಗಿಸಿದರು.

ಇದರಿಂದ ನಾವು ಕಲಿಯುವುದೇನು?

ಮೊದಲನೆಯದಾಗಿ, ದೇವಾಲಯವೆಂದರೆ ಮೊದಲು ಜನ. ಧರ್ಮಸಭೆಗೆ ಗ್ರೀಕ್ ಭಾಷೆಯಲ್ಲಿರುವ 'ಎಕ್ಲೇಸಿಯ' ಎಂಬ ಪದಕ್ಕೆ ಕರೆಯಲ್ಪಟ್ಟವರ ಕೂಟ ಎಂದರ್ಥ. ಆದಿ ಕ್ರೈಸ್ತರು ಮನೆಗಳಲ್ಲೇ ಸೇರಿ ರೊಟ್ಟಿ ಮುರಿಯುತ್ತಿದ್ದರು. ಸಂತ ಪೇತ್ರರು ತಮ್ಮ ಮೊದಲನೆಯ ಪತ್ರದ 2ನೇ ಅಧ್ಯಾಯದಲ್ಲಿ ವಿಶ್ವಾಸಿಗಳನ್ನು ಜೀವವುಳ್ಳ ಕಲ್ಲುಗಳಿಗೆ ಹೋಲಿಸಿದ್ದಾರೆ. ಶೆಟ್ಟಿಹಳ್ಳಿಯ ಇಟ್ಟಿಗೆಗಳು ನೀರುಪಾಲಾದರೂ ಅಲ್ಲಿ ಜ್ಞಾನಸ್ನಾನ ಪಡೆದವರ ವಿಶ್ವಾಸ ಮುಳುಗಲಿಲ್ಲ. ಹೋದ ಹೋದ ಊರುಗಳಲ್ಲಿ ಅವರು ಜಪಮಾಲೆ ಹಿಡಿದೇ ಬಾಳಿದರು.

ಎರಡನೆಯದಾಗಿ, ಹಾಗೆಂದು ಕಟ್ಟಡ ಬೇಡವೆನ್ನಲಾಗದು. ನಾವು ದೇಹವುಳ್ಳವರು. ನಮ್ಮ ಪ್ರಾರ್ಥನೆಗೆ ನೆಲ ಬೇಕು, ಬಾಗಿಲು ಬೇಕು, ಗಂಟೆಯ ದನಿ ಬೇಕು. ದೇವರ ವಾಕ್ಯವೇ ದೇಹ ಧರಿಸಿದ ಮೇಲೆ ಇಟ್ಟಿಗೆ ಗಾರೆಗಳನ್ನು ನಾವು ಕೀಳಾಗಿ ಕಾಣಬಾರದು. ಪೂಜೆಗೆ ಬಳಸಲಾಗದ ದೇವಾಲಯವನ್ನು ಬೇರೆ ಕೆಲಸಕ್ಕೆ ಬಿಟ್ಟರೂ ಅದು ಹೀನ ಕೆಲಸವಾಗಿರಬಾರದು ಎಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 1222ನೇ ವಿಧಿ ಹೇಳುತ್ತದೆ. ಶೆಟ್ಟಿಹಳ್ಳಿಗೆ ಹೋದವರು ಗೋಡೆಯ ಮೇಲೆ ಹೆಸರು ಕೆತ್ತುವುದು, ಬಾಟಲಿ ಬಿಸಾಡುವುದು, ಸಡಿಲವಾದ ಕಮಾನುಗಳನ್ನು ಹತ್ತುವುದು ಸರಿಯಲ್ಲ. ವರ್ಷ ವರ್ಷವೂ ನೀರಿನಲ್ಲಿ ನೆನೆದು ಬಿಸಿಲಿನಲ್ಲಿ ಒಣಗುವ ಆ ಗೋಡೆಗಳು ಬಹಳ ದಣಿದಿವೆ.

ಮೂರನೆಯದಾಗಿ, ನೆನಪು ತಾನಾಗಿ ಉಳಿಯುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಹಳೆಯ ದೇವಾಲಯಗಳನ್ನು ಕೆಡವಿ ಕಾಂಕ್ರೀಟಿನವನ್ನು ಕಟ್ಟುತ್ತಿದ್ದೇವೆ. ಜನ ಹೆಚ್ಚಿದಾಗ ಅದು ಅನಿವಾರ್ಯವೂ ಇರಬಹುದು. ಆದರೆ ಕೆಡಹುವ ಮುನ್ನ ಅಳತೆ ತೆಗೆದು, ಚಿತ್ರ ತೆಗೆದು, ಹಿರಿಯರ ಮಾತನ್ನು ಬರೆದಿಟ್ಟುಕೊಂಡಿದ್ದೇವೆಯೇ? ತನ್ನ ಧರ್ಮಕೇಂದ್ರದ ಮದುವೆ ಮತ್ತು ಜ್ಞಾನಸ್ನಾನಗಳನ್ನು ಪ್ರತಿಯೊಬ್ಬ ಗುರುವೂ ಪುಸ್ತಕದಲ್ಲಿ ದಾಖಲಿಸಬೇಕೆಂದು ತ್ರೆಂತ್ ಮಹಾಸಭೆ 1563ರಲ್ಲೇ ವಿಧಿಸಿತ್ತು. ಗೋಡೆ ಬಿದ್ದರೂ ಹೆಸರುಗಳನ್ನು ಆ ಪುಸ್ತಕಗಳು ಕಾಯುತ್ತವೆ.

ನೀವು ಶೆಟ್ಟಿಹಳ್ಳಿಗೆ ಹೋದರೆ, ಬುತ್ತಿ ಬಿಚ್ಚುವ ಮುನ್ನ ಕುಟುಂಬದವರೆಲ್ಲ ಆ ಅಂಗಳದಲ್ಲಿ ನಿಂತು, ಊರು ಬಿಟ್ಟವರಿಗಾಗಿ ಒಂದು ನಮೋಮರಿಯ ಹೇಳಿ. ಹೋಗಲಾಗದಿದ್ದರೆ ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಮನೆಗೆ ಅವಸರಪಡದೆ ನಿಮ್ಮ ದೇವಾಲಯವನ್ನೇ ಒಂದು ಸುತ್ತು ಹಾಕಿ.

ಕುಟುಂಬದಲ್ಲಿ ಮಾತನಾಡಿಕೊಳ್ಳಲು:

1. ನಮ್ಮ ದೇವಾಲಯವನ್ನು ಯಾವ ವರ್ಷದಲ್ಲಿ ಕಟ್ಟಿದರು? ಅದಕ್ಕಾಗಿ ದುಡಿದವರಲ್ಲಿ ನಮ್ಮ ಮನೆಯ ಹಿರಿಯರು ಇದ್ದರೇ?

2. ಈ ಕಟ್ಟಡ ನಾಳೆ ಇಲ್ಲವಾದರೆ ನಮ್ಮ ವಿಶ್ವಾಸದಲ್ಲಿ ಏನು ಉಳಿಯುತ್ತದೆ?

3. ನಮ್ಮ ಧರ್ಮಕೇಂದ್ರಕ್ಕೆ ಬೇರೆ ಊರಿನಿಂದ ನೆಲೆ ಕಳೆದುಕೊಂಡು ಬಂದ ಕುಟುಂಬಗಳಿವೆಯೇ? ಅವರ ಮನೆಗೆ ನಾವು ಎಂದಾದರೂ ಹೋಗಿದ್ದೇವೆಯೇ?