ದೊಡ್ಡ ಮನೆಯಿಂದ ಚಿಕ್ಕ ಮನೆಗೆ: ಯಾವುದು ಇಟ್ಟುಕೊಳ್ಳೋದು, ಯಾವುದು ಮಾರೋದು, ಯಾವುದು ಕೊಡೋದು?



ಸಂಘದ ವಾರದ ಸಭೆಯಲ್ಲಿ ನಾವು ಉಳಿತಾಯ, ಸಾಲ, ಮರುಪಾವತಿ ಇವುಗಳ ಬಗ್ಗೆ ಬೇಕಾದಷ್ಟು ಮಾತಾಡುತ್ತೇವೆ. ಮನೆ ಖಾಲಿ ಮಾಡುವ ವಿಷಯ ಮಾತ್ರ ಯಾರೂ ಎತ್ತುವುದಿಲ್ಲ. ಆದರೆ ನಮ್ಮ ಕರಾವಳಿಯಲ್ಲಿ ಇದು ಈಗ ಮನೆಮನೆಯ ಮಾತು. ಹಿರಿಯರ ಹೆಂಚಿನ ಮನೆ ಪಾಲಾಗುತ್ತದೆ. ಮಕ್ಕಳು ಮುಂಬಯಿ, ಬೆಂಗಳೂರು, ಗಲ್ಫ್ ಅಂತ ಹೋಗಿರುತ್ತಾರೆ. ಎಂಟು ಕೋಣೆ, ಎರಡು ಜಗಲಿ ಗುಡಿಸಿ ಒರೆಸಲು ವಯಸ್ಸಾದ ಇಬ್ಬರಿಂದ ಆಗೋದಿಲ್ಲ. ಕೆಲವರು ಪೇಟೆಯ ಫ್ಲ್ಯಾಟಿಗೆ ಹೋಗುತ್ತಾರೆ, ಕೆಲವರು ಬಾಡಿಗೆ ಮನೆಗೆ, ಇನ್ನು ಕೆಲವರು ಸರಕಾರದ ಯೋಜನೆಯ ಮನೆಗೆ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆಯ ಕನಿಷ್ಠ ಅಳತೆ 25 ಚದರ ಮೀಟರ್, ಅಂದರೆ ಅಡುಗೆ ಜಾಗವೂ ಸೇರಿ ಸುಮಾರು 270 ಚದರ ಅಡಿ. ಹಳೇ ಮನೆಯ ಚಾವಡಿಯೇ ಅಷ್ಟು ಇರುತ್ತದೆ!

ಹಾಗಾದರೆ ಬಚ್ಚಲಿನ ತಾಮ್ರದ ಹಂಡೆ, ಅಕ್ಕಿಯ ಪತ್ತಾಯ, ಅತ್ತೆಯ ಕಾಲದ ಕಬ್ಬಿಣದ ಪೆಟ್ಟಿಗೆ, ಅಟ್ಟದ ಮೇಲಿನ ಭರಣಿಗಳು ಎಲ್ಲಿಗೆ ಹೋಗಬೇಕು? ಸಾಮಾನ್ಯವಾಗಿ ಆಗೋದು ಹೀಗೆ. ಕೊನೆಯ ದಿನದವರೆಗೆ ಯಾರೂ ಕೈ ಹಾಕುವುದಿಲ್ಲ. ಲಾರಿ ಬಾಗಿಲಿಗೆ ಬಂದು ನಿಂತ ಮೇಲೆ ಗುಜರಿಯವನನ್ನು ಕರೆಯುತ್ತಾರೆ. ಅವನು ಒಂದು ಸುತ್ತು ನೋಡಿ, "ಎಲ್ಲಾ ಸೇರಿ ಇಷ್ಟು ಕೊಡ್ತೇನೆ" ಅನ್ನುತ್ತಾನೆ. ಗಂಡಸರು "ಹೋಗ್ಲಿ, ಜಾಗ ಖಾಲಿ ಆಗ್ಲಿ" ಅನ್ನುತ್ತಾರೆ. ಐವತ್ತು ವರ್ಷದ ಸಂಸಾರ ಅರ್ಧ ಗಂಟೆಯಲ್ಲಿ ಟೆಂಪೋ ಹತ್ತುತ್ತದೆ. ಅವಸರದಲ್ಲಿ ಮಾರುವವರಿಗೆ ಬೆಲೆ ಕೇಳುವ ಹಕ್ಕೇ ಇರುವುದಿಲ್ಲ, ನೋಡಿ. ಆದ್ದರಿಂದ ಕಡಿಮೆಯೆಂದರೆ ಎರಡು ತಿಂಗಳ ಮೊದಲೇ ಕೆಲಸ ಶುರು ಮಾಡಬೇಕು.

ಮೊದಲು ಹೊಸ ಮನೆ ಅಳೆಯಿರಿ

ಹಳೇ ಮನೆಯಲ್ಲಿ ನಿಂತು "ಇದು ಬೇಕಾ, ಬೇಡವಾ" ಅಂತ ಕೇಳಿದರೆ ಎಲ್ಲವೂ ಬೇಕು ಅನ್ನಿಸುತ್ತದೆ. ಹೊಸ ಮನೆಯ ಅಳತೆ ಕೈಯಲ್ಲಿದ್ದರೆ ಉತ್ತರ ತಾನಾಗಿ ಬರುತ್ತದೆ. ಟೇಪು ತೆಗೆದುಕೊಂಡು ಹೋಗಿ ಕೋಣೆಯ ಉದ್ದಗಲ, ಬಾಗಿಲಿನ ಅಗಲ, ಮೆಟ್ಟಿಲಿನ ತಿರುವು ಎಲ್ಲ ಬರೆದುಕೊಳ್ಳಿ. ಆಮೇಲೆ ಹಳೇ ಮನೆಯ ಅಂಗಳದಲ್ಲಿ ಸುಣ್ಣದ ಪುಡಿಯಿಂದ ಅದೇ ಅಳತೆಯ ಗೆರೆ ಎಳೆಯಿರಿ. ಹತ್ತು ಅಡಿಗೆ ಹತ್ತು ಅಡಿಯ ಕೋಣೆ ಅಂದರೆ 100 ಚದರ ಅಡಿ. ಆರು ಅಡಿ ಉದ್ದ ನಾಲ್ಕು ಅಡಿ ಅಗಲದ ಎರಡು ಮಂಚ ಹಾಕಿದರೆ 48 ಚದರ ಅಡಿ ಹೋಯಿತು. ಉಳಿದ ಅರ್ಧದಲ್ಲಿ ಕಪಾಟು, ಬಾಗಿಲು ತೆರೆಯುವ ಜಾಗ, ನಾವು ನಡೆಯುವ ಜಾಗ. ಗೆರೆಯೊಳಗೆ ನಿಂತು ನೋಡಿದ ಮೇಲೆ ಹಟ ಮಾಡುವ ಹಿರಿಯರೂ "ದೊಡ್ಡ ಮಂಚ ಬೇಡ" ಅಂತ ಅವರೇ ಹೇಳುತ್ತಾರೆ. ನಾವು ಹೇಳಿದರೆ ಜಗಳ, ಗೆರೆ ಹೇಳಿದರೆ ಜಗಳ ಇಲ್ಲ.

ಇಟ್ಟುಕೊಳ್ಳುವ ವಸ್ತುಗಳಲ್ಲಿ ಮೊದಲ ಸ್ಥಾನ ಯಾವುದಕ್ಕೆ? ದಿನಾ ಬಳಸುವುದಕ್ಕೆ, ಮತ್ತು ಸಂಪಾದನೆ ತರುವುದಕ್ಕೆ. ಹೊಲಿಗೆ ಯಂತ್ರ ಮೂಲೆ ಹಿಡಿದಿದೆ ಅಂತ ಕೊಟ್ಟುಬಿಟ್ಟು, ಆರು ತಿಂಗಳಾದ ಮೇಲೆ ಹೊಸದಕ್ಕೆ ಸಂಘದಲ್ಲಿ ಸಾಲದ ಅರ್ಜಿ ಹಾಕುವುದು ಬೇಡ. ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುವವರಿಗೆ ಭರಣಿಯೇ ಬಂಡವಾಳ. ಕಡೆಯುವ ಕಲ್ಲಿನ ವಿಷಯ ಬೇರೆ. ರುಚಿ ಹೌದು, ಆದರೆ ಎರಡನೇ ಮಹಡಿಗೆ ಹೊತ್ತುಕೊಂಡು ಹೋಗುವವರು ಯಾರು? ಬೆಳಿಗ್ಗೆ ಐದಕ್ಕೆ ಗುಂಡು ತಿರುಗಿಸಿದರೆ ಕೆಳಗಿನ ಮನೆಯವರು ಬಾಗಿಲು ತಟ್ಟುತ್ತಾರೆ. ತೋಟ ಇರುವ ನಾದಿನಿಯ ಮನೆಗೆ ಅದನ್ನು ಕೊಟ್ಟರೆ ಹಬ್ಬಕ್ಕೆ ಹೋದಾಗ ಅಲ್ಲಿಯೇ ಅರೆಯಬಹುದು.

ಯಾರ ವಸ್ತು, ಯಾರು ಹೇಳಬೇಕು?

ಈ ಪಾಠದಲ್ಲಿ ನಾವು ಒತ್ತಿ ಹೇಳುವ ಮಾತು ಇದು. ಮನೆ ಯಾರ ಹೆಸರಿನಲ್ಲಿದ್ದರೂ ಮನೆಯೊಳಗಿನ ವಸ್ತುಗಳೆಲ್ಲ ಅವರದ್ದೇ ಅಂತ ಅಲ್ಲ. ಮದುವೆಯಲ್ಲಿ ಹೆಣ್ಣುಮಗಳಿಗೆ ತವರಿನವರು ಕೊಟ್ಟ ಪಾತ್ರೆ, ಕಪಾಟು, ಬಂಗಾರ ಅವಳ ಸ್ವಂತದ್ದು. ಪ್ರತಿಭಾ ರಾಣಿ ಎಂಬವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1985ರಲ್ಲೇ ಸ್ತ್ರೀಧನ ಹೆಂಡತಿಯ ಸಂಪೂರ್ಣ ಸ್ವತ್ತು, ಗಂಡ ಅಥವಾ ಗಂಡನ ಮನೆಯವರು ಅದರ ಪಾಲುದಾರರಲ್ಲ ಎಂದು ತೀರ್ಪು ಕೊಟ್ಟಿದೆ. ಆದರೂ ನಮ್ಮ ಮನೆಗಳಲ್ಲಿ "ಹಳೇ ಹಿತ್ತಾಳೆ" ಅಂತ ಗುಜರಿಗೆ ಹೋಗುವುದು ಹೆಚ್ಚಾಗಿ ಅವಳು ತಂದದ್ದೇ. ಕೋರ್ಟಿಗೆ ಹೋಗಿ ಅಂತ ನಾವು ಹೇಳುತ್ತಿಲ್ಲ. ಕೇಳದೆ ಮಾರಬಾರದು, ಅಷ್ಟೇ.

ಇದು ಸೊಸೆಗೆ ಹೇಗೋ ಅತ್ತೆಗೂ ಹಾಗೆಯೇ. ಎಂಬತ್ತು ವರ್ಷದ ಅತ್ತೆ ಮೂಲೆಯಲ್ಲಿ ಕೂತು ನೋಡುತ್ತಿರುವಾಗ ಅವರ ಪೆಟ್ಟಿಗೆ ಬಿಡಿಸುವುದು ಸರಿಯಲ್ಲ. ಅವರ ಕೈಯಿಂದಲೇ ಬಿಡಿಸಿ. ದಿನಕ್ಕೆ ಒಂದು ಗಂಟೆ ಸಾಕು. ಯಾವ ಬಟ್ಟಲು ಯಾರು ಕೊಟ್ಟದ್ದು, ಯಾವ ಸೀರೆ ಯಾವ ಬಾಣಂತನದ್ದು ಅಂತ ಹೇಳುತ್ತಾ ಅವರೇ "ಇದು ಮೊಮ್ಮಗಳಿಗೆ, ಇದು ಬೇಡ" ಅಂತ ಬೇರೆ ಮಾಡುತ್ತಾರೆ. ಹೇಳುವುದಕ್ಕೆ ಯಾರಾದರೂ ಕಿವಿ ಕೊಟ್ಟರೆ ವಸ್ತು ಬಿಡುವುದು ಸುಲಭ. ಅವರು ಒಂದು ಹಳೇ ಕುರ್ಚಿಗೆ ಪಟ್ಟು ಹಿಡಿದರೆ ಅದೊಂದು ಇರಲಿ ಬಿಡಿ. ಹೊಸ ಮನೆಯಲ್ಲಿ ಅವರಿಗೆ ಗುರುತು ಸಿಗುವ ವಸ್ತು ಒಂದಾದರೂ ಬೇಡವೇ? ಮನೆಯಲ್ಲಿ ಇತ್ತೀಚೆಗೆ ಸಾವು ಆಗಿದ್ದರೆ ತೀರಿಕೊಂಡವರ ಬಟ್ಟೆಬರೆ, ಫೋಟೊ ಇವುಗಳನ್ನು ಒಂದು ಪೆಟ್ಟಿಗೆಗೆ ಹಾಕಿ ಹಾಗೆಯೇ ಒಯ್ಯಿರಿ. ವರ್ಷ ಕಳೆದ ಮೇಲೆ ನೋಡಬಹುದು. ಅಟ್ಟ, ಬಚ್ಚಲು, ಕೊಟ್ಟಿಗೆಯಿಂದ ಶುರು ಮಾಡಿ, ಫೋಟೊ ಕೊನೆಗೆ.

ಕಾಗದಪತ್ರ, ಮತ್ತು ಸೀರೆಯ ಮಡಿಕೆ

ಹಳದಿ ಬಣ್ಣಕ್ಕೆ ತಿರುಗಿದ ಕಾಗದ ಕಂಡ ಕೂಡಲೇ ಬಚ್ಚಲೊಲೆಗೆ ಹಾಕಬೇಡಿ. ಪಹಣಿಯ ಹಳೇ ಪ್ರತಿ ಹೋದರೆ ಮತ್ತೆ ತೆಗೆಯಬಹುದು. ಆದರೆ ನೋಂದಣಿಯಾದ ಕ್ರಯಪತ್ರ, ವಿಭಾಗ ಪತ್ರ, ಮೂಲ ವೀಲುನಾಮೆ ಇವು ಹೋದರೆ ಅಲೆದಾಟ ತಪ್ಪಿದ್ದಲ್ಲ. ನಮ್ಮ ಕಡೆ ಮುಖ್ಯವಾದದ್ದು ಇನ್ನೊಂದು ಉಂಟು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಡಿಕ್ಲರೇಶನ್ ಕೊಟ್ಟು ಗೇಣಿ ಜಾಗ ಸ್ವಂತ ಮಾಡಿಕೊಂಡ ಕುಟುಂಬಗಳಲ್ಲಿ ಭೂ ನ್ಯಾಯಮಂಡಳಿಯ ಆದೇಶ ಮತ್ತು ಫಾರಂ ನಂಬರ್ 10 ಇರುತ್ತದೆ. ಅಜ್ಜನ ಟ್ರಂಕಿನ ತಳದಲ್ಲಿ ಸಿಗುವ ಆ ಕಾಗದ ಅವರು ಬೆವರಿಳಿಸಿದ ನೆಲಕ್ಕೆ ಸಾಕ್ಷಿ. ಮಕ್ಕಳ ಅಂಕಪಟ್ಟಿ, ವಿಮೆ ಬಾಂಡು, ಗ್ಯಾಸ್ ಸಂಪರ್ಕದ ಮೊದಲ ಚೀಟಿ (ಸಂಪರ್ಕ ಬಿಡುವಾಗ ಡಿಪಾಸಿಟ್ ವಾಪಸು ಕೇಳಲು ಬೇಕು) ಇವೆಲ್ಲ ಒಂದು ಚೀಲದಲ್ಲಿ ಹಾಕಿ ಲಾರಿಗೆ ಕೊಡದೆ ಕೈಯಲ್ಲೇ ಒಯ್ಯಿರಿ. ನೀವು ಸಂಘದ ಅಧ್ಯಕ್ಷೆಯೋ ಕಾರ್ಯದರ್ಶಿಯೋ ಆಗಿದ್ದರೆ ನಿರ್ಣಯ ಪುಸ್ತಕ, ಲೆಕ್ಕದ ಪುಸ್ತಕ, ಪಾಸ್‌ಬುಕ್ ಇವು ನಿಮ್ಮ ಮನೆಯ ಸಾಮಾನಲ್ಲ. ಹೊರಡುವ ಮೊದಲು ಸಭೆಯಲ್ಲಿ ಒಪ್ಪಿಸಿ ಸಹಿ ಪಡೆಯಿರಿ.

ಕೊಡುವ ಮೊದಲು ಪ್ರತಿ ಸೀರೆಯ ಮಡಿಕೆ, ಅಕ್ಕಿ ಡಬ್ಬಿಯ ತಳ, ದಿಂಬಿನ ಒಳಗೆ ಕೈಯಾಡಿಸಿ. ನಮ್ಮ ಹೆಂಗಸರು ದುಡ್ಡು ಇಡುವ ಬ್ಯಾಂಕು ಅದೇ ಅಲ್ವಾ! 2016ರ ನವೆಂಬರಿನಲ್ಲಿ ಹಳೇ ಐನೂರು, ಸಾವಿರದ ನೋಟು ರದ್ದಾದಾಗ ಹೀಗೆ ಮಡಿಕೆಯಲ್ಲಿದ್ದ ಉಳಿತಾಯ ಎಷ್ಟೋ ಮನೆಗಳಲ್ಲಿ ಬೆಳಕಿಗೆ ಬಂತು.

ಮಾರುವುದಾದರೆ

ಲೋಹಗಳ ವ್ಯತ್ಯಾಸ ತಿಳಿದಿರಬೇಕು. ತಾಮ್ರ ಕೆಂಪು, ಅದು ಗೊತ್ತಾಗುತ್ತದೆ. ಮೋಸ ಆಗೋದು ಹಿತ್ತಾಳೆ ಮತ್ತು ಕಂಚಿನಲ್ಲಿ. ಹಿತ್ತಾಳೆ ಅಂದರೆ ತಾಮ್ರಕ್ಕೆ ಸತು ಸೇರಿಸಿದ್ದು. ಕಂಚು ಅಂದರೆ ಸುಮಾರು ನಾಲ್ಕು ಪಾಲು ತಾಮ್ರಕ್ಕೆ ಒಂದು ಪಾಲು ತವರ. ಸತು ಅಗ್ಗ, ತವರ ದುಬಾರಿ. ಆದ್ದರಿಂದ ಕಂಚಿಗೆ ಬೆಲೆ ಹೆಚ್ಚು. ಅಜ್ಜಿಯ ಕಾಲದ ಊಟದ ಬಟ್ಟಲು, ಗಂಜಿ ಬಟ್ಟಲು ಹಲವು ಕಡೆ ಕಂಚಿನದ್ದೇ. ಬೆರಳ ತುದಿಯಲ್ಲಿ ಎತ್ತಿ ಹಿಡಿದು ಚಮಚದಿಂದ ಮೆಲ್ಲಗೆ ತಟ್ಟಿ. ಗಂಟೆಯ ಹಾಗೆ ತುಂಬಾ ಹೊತ್ತು ದನಿ ನಿಂತರೆ ಕಂಚು, ಬೇಗ ಸತ್ತುಹೋದರೆ ಹಿತ್ತಾಳೆ. ಎರಡನ್ನೂ ಒಂದೇ ರಾಶಿಗೆ ಹಾಕಿ ಹಿತ್ತಾಳೆಯ ದರಕ್ಕೆ ಕೊಡಬೇಡಿ. ಬಿರುಕು ಬಿಟ್ಟ ಕಂಚಿಗೆ ದನಿ ಬರುವುದಿಲ್ಲ, ಅಂಥದ್ದನ್ನು ತಿಳಿದವರಿಗೆ ತೋರಿಸಿ.

ಹಂಡೆಯ ಮಸಿ, ಒಳಗಿನ ಸುಣ್ಣದ ಪದರ ಕೆರೆದು ತೆಗೆಯಿರಿ. ಇಲ್ಲದಿದ್ದರೆ ಅದರ ಹೆಸರಿನಲ್ಲಿ ಕಿಲೋಗಟ್ಟಲೆ ಕಡಿತ ಮಾಡುತ್ತಾರೆ. ಎರಡು ಮೂರು ಅಂಗಡಿಯಲ್ಲಿ ಆ ದಿನದ ದರ ಕೇಳಿ ಬರೆದಿಟ್ಟುಕೊಳ್ಳಿ. ತೂಕದ ಬಗ್ಗೆ ಸಂಶಯ ಬಂದರೆ ಒಡೆಯದ ಒಂದು ಕಿಲೋ ಉಪ್ಪಿನ ಪ್ಯಾಕೆಟ್ ಅವನ ತಕ್ಕಡಿಯಲ್ಲಿಟ್ಟು ನೋಡಿ. ತಕ್ಕಡಿಗೆ ತೂಕ ಮತ್ತು ಅಳತೆ ಇಲಾಖೆಯ ಮುದ್ರೆ ಇದೆಯಾ ಅಂತ ಕೇಳುವುದಕ್ಕೂ ನಾಚಿಕೆ ಬೇಡ.

ಮನೆ ಕೆಡವುವುದಾದರೆ ಹೆಂಚನ್ನು ಲೆಕ್ಕ ಮಾಡಿ ಇಳಿಸಿ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಮ್ಮ ಮಾಡುಗಳ ರೂಪವೇ ಬದಲಾಯಿತು. ಗಟ್ಟಿ ಇರುವ ಹಳೇ ಹೆಂಚು ಇನ್ನೊಂದು ಮನೆಯ ಮಾಡಿಗೆ ಆಗುತ್ತದೆ. ಬಾಗಿಲು, ದಾರಂದ, ಕಂಬಗಳನ್ನು ಸೌದೆ ಲೆಕ್ಕದಲ್ಲಿ ಕೊಡಬೇಡಿ. ತೇಗ, ಬೀಟೆಯ ತೊಲೆ ಸಾಗಿಸುವ ಮೊದಲು ಪರವಾನಗಿ ಬೇಕಾ ಅಂತ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಹಳೇ ದಪ್ಪ ಟಿವಿಯ ಗಾಜಿನಲ್ಲಿ ಸೀಸ ಇರುತ್ತದೆ, ಮಕ್ಕಳು ಒಡೆಯದಂತೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ.

ಚಿನ್ನದ ಬಗ್ಗೆ ಒಂದೇ ಮಾತು: ಚಿನ್ನಕ್ಕೆ ಜಾಗದ ಸಮಸ್ಯೆ ಇಲ್ಲ. ಮನೆ ಚಿಕ್ಕದಾಯಿತು ಅಂತ ಅದನ್ನು ಮಾರುವ ಕಾರಣ ಇಲ್ಲ.

ಕೊಡುವುದಾದರೆ

ನಮಗೆ ಬೇಡವಾದದ್ದೆಲ್ಲ ದಾನ ಆಗುವುದಿಲ್ಲ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಗೆ ಎಲ್ಲೆಲ್ಲಿಂದಲೋ ಲಾರಿಗಟ್ಟಲೆ ಹಳೇ ಬಟ್ಟೆ ಬಂದು, ಉಡಲು ಬಾರದ್ದು ರಸ್ತೆ ಬದಿಯಲ್ಲಿ ರಾಶಿ ಬಿದ್ದಿತ್ತು. ದೆಹಲಿಯ ಗೂಂಜ್ ಸಂಸ್ಥೆ ಅದನ್ನು ಸಂಗ್ರಹಿಸಿ ವಿಂಗಡಿಸುವ ಕೆಲಸ ಮಾಡಬೇಕಾಯಿತು. ಹಾಗಾಗಿ ಒಗೆದು, ಗುಂಡಿ ಹಾಕಿ, ನಾವೇ ಉಟ್ಟುಕೊಳ್ಳಬಹುದಾದದ್ದನ್ನು ಮಾತ್ರ ಕೊಡಿ. ಹರಿದ ಹತ್ತಿ ಸೀರೆಗೆ ಬೇರೆ ದಾರಿ ಉಂಟು. ಉತ್ತರ ಕನ್ನಡದ ಸಿದ್ದಿ ಹೆಂಗಸರು ಹಳೇ ಬಟ್ಟೆಯ ತುಂಡುಗಳಿಂದಲೇ ಚಂದದ ಕೌದಿ ಹೊಲಿಯುತ್ತಾರೆ. ನಮ್ಮ ಸಂಘದಲ್ಲೂ ಹೊಲಿಗೆ ಗೊತ್ತಿರುವವರು ಇದ್ದಾರಲ್ಲ.

ಬತ್ತ ಅಳೆಯುವ ಕಳಸಿಗೆ, ಸೇರು, ಮರದ ಮರಿಗೆ, ಹಳೇ ನೇಗಿಲು ಇಂಥವನ್ನು ಕೊಳ್ಳುವವರು ಕಡಿಮೆ, ಆದರೆ ನೋಡಲು ಬರುವವರು ಇದ್ದಾರೆ. ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ವಸ್ತುಸಂಗ್ರಹಾಲಯದಲ್ಲಿ ತುಳುನಾಡಿನ ಮನೆಬಳಕೆಯ ವಸ್ತುಗಳೇ ತುಂಬಿವೆ. ಮಣಿಪಾಲದ ಹಸ್ತಶಿಲ್ಪ ಪರಂಪರಾ ಗ್ರಾಮದಲ್ಲಿ ವಿಜಯನಾಥ ಶೆಣೈಯವರು ಹಳೇ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದಾರೆ. ಹತ್ತಿರದ ಶಾಲೆ ಕೇಳಿದರೆ ಅಲ್ಲಿಗೂ ಕೊಡಬಹುದು, ವಸ್ತುವಿನ ಹೆಸರು ಮತ್ತು ಉಪಯೋಗ ಒಂದು ಚೀಟಿಯಲ್ಲಿ ಬರೆದುಕೊಡಿ.

ಮುಕ್ಕಾದ ದೇವರ ಪ್ರತಿಮೆ, ಆಶೀರ್ವದಿಸಿದ ಹಳೇ ಜಪಮಾಲೆ, ಗರಿಗಳನ್ನು ಗುಜರಿಗೆ ಹಾಕುವಂತಿಲ್ಲ. ಕ್ರೈಸ್ತರಲ್ಲಿ ಅವನ್ನು ಸುಡುವುದು ಇಲ್ಲವೇ ಶುದ್ಧ ಜಾಗದಲ್ಲಿ ಹೂಳುವುದು ರೂಢಿ. ಬೇರೆ ಧರ್ಮದ ಸದಸ್ಯರು ಅವರವರ ಹಿರಿಯರನ್ನು ಕೇಳಿ ಮಾಡಲಿ.

ದೊಡ್ಡ ಪಾತ್ರೆ ಸಂಘಕ್ಕೆ ಆಗಬಹುದೇ?

ಮದುವೆ, ತೊಟ್ಟಿಲು, ಬೊಜ್ಜಕ್ಕೆ ಅಂತ ಇಟ್ಟ ಕೊಪ್ಪರಿಗೆ, ದೊಡ್ಡ ಸೌಟು, ಐವತ್ತು ಸ್ಟೀಲು ತಟ್ಟೆ ಚಿಕ್ಕ ಮನೆಯಲ್ಲಿ ಹಿಡಿಸುವುದಿಲ್ಲ. ಗುಜರಿಗೆ ಹಾಕಿದರೆ ಒಂದು ಸಲದ ದುಡ್ಡು. ಸಂಘ ಅದನ್ನು ತೆಗೆದುಕೊಂಡು ಊರಿನ ಸಮಾರಂಭಗಳಿಗೆ ಬಾಡಿಗೆಗೆ ಕೊಟ್ಟರೆ ಪ್ರತಿ ಮದುವೆ ಸೀಸನ್ನಿನಲ್ಲಿ ಆದಾಯ ಬರುತ್ತದೆ, ಸದಸ್ಯೆಯ ಮನೆಯ ಕಾರ್ಯಕ್ರಮಕ್ಕೂ ಸಿಗುತ್ತದೆ. ಆದರೆ ಮಾತಿನಲ್ಲಿ ಬಿಡಬೇಡಿ. ಅದು ದಾನವೇ, ಸಂಘ ಬೆಲೆ ಕೊಟ್ಟು ಕೊಂಡದ್ದೇ, ಅಥವಾ ಬೇಕಾದಾಗ ವಾಪಸು ಕೇಳುವ ಷರತ್ತಿನಲ್ಲಿ ಇಟ್ಟದ್ದೇ ಅಂತ ನಿರ್ಣಯ ಪುಸ್ತಕದಲ್ಲಿ ಸ್ಪಷ್ಟ ಬರೆಯಿರಿ. ಪಾತ್ರೆಯ ಸಂಖ್ಯೆ, ತೂಕ ಬರೆಯಿರಿ. ತಾಮ್ರ, ಹಿತ್ತಾಳೆ ಪಾತ್ರೆಗೆ ಕಲಾಯಿ ಹೋಗಿದ್ದರೆ ಹುಳಿ ಹಾಕಿದ ಅಡುಗೆ ಮಾಡಬಾರದು, ಆದ್ದರಿಂದ ಕಲಾಯಿಯ ಖರ್ಚನ್ನು ಬಾಡಿಗೆಯಲ್ಲೇ ಸೇರಿಸಿ. ಯಾರ ಮನೆಯಲ್ಲಿ ಇಡುವುದು, ತಟ್ಟೆ ಕಳೆದರೆ ದಂಡ ಎಷ್ಟು ಎಂಬುದನ್ನೂ ಮೊದಲೇ ಗೊತ್ತು ಮಾಡಬೇಕು. ತಟ್ಟೆ ಕಳೆಯದ ಮದುವೆ ಇಲ್ಲ!

ಸಭೆಯಲ್ಲಿ ಮಾತಾಡಲು

ನಮ್ಮ ಸಂಘದಲ್ಲಿ ಈ ವರ್ಷ ಮನೆ ಬದಲಾಯಿಸುವವರು ಯಾರಾದರೂ ಇದ್ದಾರೆಯೇ? ಸಾಮಾನು ವಿಂಗಡಿಸಲು, ಗುಜರಿಯವರು ಬರುವ ದಿನ ಜೊತೆಗೆ ನಿಲ್ಲಲು ಯಾವ ಇಬ್ಬರು ಸದಸ್ಯೆಯರು ಹೋಗಬಹುದು? ನಿಮ್ಮ ಮನೆಯಲ್ಲಿ ನಿಮ್ಮದೇ ಆದ ವಸ್ತುಗಳು ಯಾವುವು, ಅವು ನಿಮ್ಮವು ಅಂತ ಮನೆಯವರಿಗೆ ಗೊತ್ತಿದೆಯೇ? ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ಒಂದು ಹಳೇ ಬಟ್ಟಲು ಮತ್ತು ಒಂದು ಚಮಚ ತನ್ನಿ. ಯಾವುದು ಕಂಚು, ಯಾವುದು ಹಿತ್ತಾಳೆ ಅಂತ ತಟ್ಟಿ ನೋಡೋಣ.