ಬಳ್ಳಾರಿಯಿಂದ ಬಂದ ಫೋನು

ಪ್ರಶ್ನೆ: ನಮ್ಮ ಅಪ್ಪಯ್ಯನಿಗೆ ಮೊನ್ನೆ ಒಂದು ಫೋನು ಬಂತು. "ಬಳ್ಳಾರಿ ಹೆಡ್ ಆಫೀಸಿನಿಂದ ಮಾತಾಡ್ತಿದ್ದೇವೆ, ಬ್ಯಾಂಕ್ ವಿಲೀನ ಆಗಿದೆ, ಕೆವೈಸಿ ಮಾಡಿಸದಿದ್ದರೆ ಸಂಜೆಗೆ ಖಾತೆ ಬಂದ್" ಎಂದರಂತೆ. ನಮ್ಮ ಶಾಖೆಯ ಹೆಸರನ್ನೂ ಸರಿಯಾಗಿ ಹೇಳಿದರು. ಒಟಿಪಿ ಕೇಳಿದಾಗ ಅಪ್ಪಯ್ಯ ಫೋನು ಇಟ್ಟುಬಿಟ್ಟರು. ಶಾಖೆ ಅವರಿಗೆ ಗೊತ್ತಾದದ್ದು ಹೇಗೆ? ದುಡ್ಡು ಹೋಗಿದ್ದರೆ ದೂರಿಗೆ ಕಾರವಾರಕ್ಕೇ ಹೋಗಬೇಕಿತ್ತೆ?
— ಓದುಗರು, ಸಿದ್ದಾಪುರ ತಾಲೂಕು

ಉತ್ತರ: ಆ ಮಾತಿನಲ್ಲಿ ಅರ್ಧ ನಿಜವಿತ್ತು, ಅಪಾಯ ಇರುವುದೂ ಅಲ್ಲೇ. ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿಹೋಯಿತು, ಪ್ರಧಾನ ಕಚೇರಿ ಬಳ್ಳಾರಿಯಲ್ಲೇ ಇದೆ. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕ್ ಆಯಿತು. ಬೋರ್ಡು, ಪಾಸ್‌ಬುಕ್, ಐಎಫ್‌ಎಸ್‌ಸಿ ಎಲ್ಲ ಬದಲಾಗುವ ಹೊತ್ತು ಇಂಥವರಿಗೆ ಸುಗ್ಗಿ. ಶಾಖೆ ಯಾವುದೆಂದು ತಿಳಿಯುವುದೂ ಕಷ್ಟವಲ್ಲ. ಐಎಫ್‌ಎಸ್‌ಸಿಯ ಕೊನೆಯ ಆರು ಅಂಕೆಗಳೇ ಶಾಖೆಯ ಗುರುತು. ನಾವೋ ಅದನ್ನು ಸಿಕ್ಕಸಿಕ್ಕ ಅರ್ಜಿಗಳಲ್ಲಿ, ಝೆರಾಕ್ಸ್ ಅಂಗಡಿಗಳಲ್ಲಿ ಬಿಟ್ಟು ಬಂದಿರುತ್ತೇವೆ. ಹೆಸರು, ಊರು, ಶಾಖೆ ಸರಿ ಹೇಳಿದ ಮಾತ್ರಕ್ಕೆ ಬ್ಯಾಂಕಿನವರಾಗುವುದಿಲ್ಲ. ಹಿಂದಿಯಲ್ಲಿ ಮಾತಾಡಿದರೆ ಕಳ್ಳ ಎಂಬ ಲೆಕ್ಕವೂ ಈಗ ನಡೆಯದು, ಕನ್ನಡ ಬಲ್ಲವರೂ ಇದ್ದಾರೆ.

ಗ್ರಾಹಕರಿಗೆ ಸೇವೆಯ ಕರೆ ಮಾಡಲು ಬ್ಯಾಂಕುಗಳು 1600ರಿಂದ ಶುರುವಾಗುವ ಸಂಖ್ಯೆ ಬಳಸಬೇಕೆಂದು 2025ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಹೇಳಿದೆ. ಯಾವ ಸಂಖ್ಯೆಯಿಂದಲೇ ಬರಲಿ, ಒಟಿಪಿ ಅಥವಾ ಪಿನ್ ಕೇಳಿದರೆ ಫೋನು ಇಟ್ಟು ಪಾಸ್‌ಬುಕ್ಕಿನಲ್ಲಿರುವ ನಂಬರಿಗೆ ನೀವೇ ಮಾಡಿ. ನಿಮ್ಮ ತಂದೆ ಮಾಡಿದ್ದು ಸರಿಯಾಗಿದೆ. ಆದರೆ ಒಂದು ವಿಷಯ ಅವರಿಗೆ ಬಿಡಿಸಿ ಹೇಳಿ: ವಾಟ್ಸಾಪಿನಲ್ಲಿ 'ಪಿಎಂ ಕಿಸಾನ್' ಎಂದೋ 'ಕೆವೈಸಿ' ಎಂದೋ ಬರುವ ಎಪಿಕೆ ಫೈಲನ್ನು ಒತ್ತಿ ಇನ್‌ಸ್ಟಾಲ್ ಮಾಡಿ, ಕೇಳಿದ ಅನುಮತಿಯನ್ನೆಲ್ಲ ಕೊಟ್ಟರೆ ಒಟಿಪಿ ಬಾಯಲ್ಲಿ ಹೇಳಬೇಕಾಗಿಯೇ ಇಲ್ಲ. ಮೆಸೇಜನ್ನು ಆ ಆ್ಯಪೇ ಓದಿ ಕಳಿಸುತ್ತದೆ. ಹಾಗಾದರೆ ತಕ್ಷಣ ಡೇಟಾ ಬಂದ್ ಮಾಡಿ, ಬೇರೆ ಫೋನಿನಿಂದ ದೂರು ಕೊಡಿ.

ದೂರಿಗೆ ಕಾರವಾರದ ಬಸ್ಸು ಹಿಡಿಯಬೇಕಿಲ್ಲ. ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಠಾಣೆ ಅಲ್ಲಿರುವುದು ಹೌದು. ಆದರೆ ಮೊದಲ ಕೆಲಸ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ಹೋದ ಹಣ ಒಂದೇ ಖಾತೆಯಲ್ಲಿ ಕೂತಿರುವುದಿಲ್ಲ. ಬಾಡಿಗೆಗೆ ಪಡೆದ ಖಾತೆಗಳಲ್ಲಿ ಒಂದರಿಂದೊಂದಕ್ಕೆ ಹಾರುತ್ತ ಕೊನೆಗೆ ಎಟಿಎಂನಲ್ಲಿ ನಗದಾಗುತ್ತದೆ. 1930ರಲ್ಲಿ ದಾಖಲಾದ ದೂರು ನೇರ ಆ ಬ್ಯಾಂಕುಗಳಿಗೆ ಹೋಗಿ, ಉಳಿದಿದ್ದಷ್ಟನ್ನು ತಡೆಹಿಡಿಯುತ್ತದೆ. ಮಗ ಬೆಂಗಳೂರಿನಿಂದ ಬರಲಿ ಎಂದು ಕಾಯುವಷ್ಟರಲ್ಲಿ ತಡೆಯಲು ಏನೂ ಉಳಿದಿರುವುದಿಲ್ಲ. ಖಾತೆ ಸಂಖ್ಯೆ, ಹೋದ ಮೊತ್ತ, ಮೆಸೇಜಿನಲ್ಲಿರುವ ವಹಿವಾಟಿನ ಸಂಖ್ಯೆ ಕೈಯಲ್ಲಿಟ್ಟುಕೊಳ್ಳಿ. ಕೊಟ್ಟ ದೂರು ಸಂಖ್ಯೆ ಬರೆದಿಡಿ. ಆಮೇಲೆ ಬ್ಯಾಂಕಿಗೆ ತಿಳಿಸಿ ಖಾತೆ ಬಂದ್ ಮಾಡಿಸಿ, ಹತ್ತಿರದ ಠಾಣೆಗೆ ಹೋಗಿ.

ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ನಿಮ್ಮ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಹಣ ಹೋಗಿದ್ದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದಲ್ಲಿ ನಷ್ಟ ನಿಮ್ಮದಲ್ಲ. ನಾಲ್ಕರಿಂದ ಏಳನೇ ದಿನವಾದರೆ ಸಾಮಾನ್ಯ ಉಳಿತಾಯ ಖಾತೆಗೆ ಗರಿಷ್ಠ 10,000 ರೂಪಾಯಿ ನಿಮ್ಮ ತಲೆಗೆ. ನಮ್ಮ ಘಟ್ಟದ ಮೇಲೆ ಮುಖ್ಯವಾದ ಮಾತು ಇನ್ನೊಂದಿದೆ: ದಿನ ಎಣಿಸುವುದು ಬ್ಯಾಂಕಿನ ಮೆಸೇಜು ನಿಮಗೆ ತಲುಪಿದ ಮೇಲೆ. ಯಲ್ಲಾಪುರದ ಕಾಡಂಚಿನಲ್ಲಿ ನೆಟ್‌ವರ್ಕ್ ಸಿಗದೆ ಮೆಸೇಜು ತಡವಾಗಿ ಬಂದಿದ್ದರೆ ಅದನ್ನು ಅಳಿಸಬೇಡಿ. ಆದರೆ ಒಟಿಪಿ ನೀವೇ ಕೊಟ್ಟಿದ್ದರೆ, ತಿಳಿಸುವವರೆಗಿನ ನಷ್ಟ ನಿಮ್ಮದೇ, ತಿಳಿಸಿದ ನಂತರದ್ದು ಮಾತ್ರ ಬ್ಯಾಂಕಿನದು. ನಾಚಿಕೊಂಡು ಮನೆಯವರಿಗೂ ಹೇಳದೆ ಕೂರುವ ಹಿರಿಯರಿಗೆ ಇದು ಗೊತ್ತಿರಬೇಕು.

ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ, ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿದ್ದಾರೆ, ಮಾಹಿತಿಗೆ 14448. ಅಡಿಕೆ ಮಾರಿದ ಹಣ ಊರ ಸೊಸೈಟಿಯ ಖಾತೆಯಲ್ಲಿದ್ದರೆ ಈ ದಾರಿ ಇಲ್ಲ. ಸೊಸೈಟಿ ಬ್ಯಾಂಕಲ್ಲ, ಅದು ಸಹಕಾರ ಇಲಾಖೆಯ ಕೆಳಗೆ ಬರುತ್ತದೆ.

ನಿಮ್ಮ ತಂದೆಯವರ ಹಣ ಹೋಗಿಲ್ಲ, ಆದರೂ ಕರೆ ಬಂದ ನಂಬರನ್ನು ಸಂಚಾರ್ ಸಾಥಿ ಆ್ಯಪಿನ 'ಚಕ್ಷು' ವಿಭಾಗದಲ್ಲಿ ದಾಖಲಿಸಿ. ದೂರಸಂಪರ್ಕ ಇಲಾಖೆ 2024ರ ಮಾರ್ಚಿನಲ್ಲಿ ತೆರೆದದ್ದು ಅದು. ಕರೆ ಬಂದು 30 ದಿನ ಮೀರಿರಬಾರದು.