ಮುಕ್ತಾಳ ಪ್ರಬಂಧ ಓದಿದ್ದೀರಾ?

ಕಾಲೇಜಿಗೆ ಹೊಸದಾಗಿ ಕಾಲಿಟ್ಟಿರುವ ಮಕ್ಕಳೇ, ಮನೆಗೆ ಬಂದ ನೆಂಟರೆಲ್ಲ ನಿಮ್ಮನ್ನು ಕೇಳುವುದು ಎರಡೇ ಮಾತು: ಎಷ್ಟು ಪರ್ಸೆಂಟ್ ಬಂತು, ಮುಂದೆ ಏನು ಕೆಲಸ ಸಿಗುತ್ತೆ? ಕೇಳಲಿ, ತಪ್ಪೇನಿಲ್ಲ. ಸಾಲ ಮಾಡಿ ಫೀಸು ಕಟ್ಟಿದ ಅಪ್ಪನಿಗೆ, ಓಲೆ ಅಡವಿಟ್ಟ ಅಮ್ಮನಿಗೆ ಕೇಳುವ ಹಕ್ಕಿದೆ. ಆದರೆ ಓದಿನ ಬೆಲೆಯೇನು ಎಂದು ಜೀವಮಾನವಿಡೀ ಯೋಚಿಸಿದವರು ಇನ್ನೂ ದೊಡ್ಡ ಪ್ರಶ್ನೆಗಳನ್ನು ಕೇಳಿದ್ದಾರೆ. ಅವನ್ನು ನಿಮ್ಮ ಕಿವಿಗೆ ಹಾಕಬೇಕು ಅನ್ನಿಸಿದೆ.

ಪುಣೆಯ ಭಿಡೆವಾಡದಲ್ಲಿ ಜ್ಯೋತಿಬಾ ಫುಲೆ ಹೆಣ್ಣುಮಕ್ಕಳ ಶಾಲೆ ತೆರೆದದ್ದು 1848ರಲ್ಲಿ. ಅವರಿಗಾಗ ಇಪ್ಪತ್ತರ ಆಸುಪಾಸು, ಪತ್ನಿ ಸಾವಿತ್ರಿಬಾಯಿಗೆ ಹದಿನೇಳು. ಹೆಚ್ಚುಕಡಿಮೆ ನಿಮ್ಮದೇ ವಯಸ್ಸು. ಪಾಠ ಹೇಳಲು ಹೋಗುವ ದಾರಿಯಲ್ಲಿ ಜನ ಕೆಸರು ಎರಚುತ್ತಾರೆಂದು ಸಾವಿತ್ರಿಬಾಯಿ ಇನ್ನೊಂದು ಸೀರೆ ಜೊತೆಗಿಟ್ಟುಕೊಂಡು ಹೋಗುತ್ತಿದ್ದದ್ದನ್ನು ನೀವೂ ಕೇಳಿರುತ್ತೀರಿ. ಅವರ ಶಾಲೆಯಲ್ಲಿ ಕಲಿತ ಒಬ್ಬ ಹುಡುಗಿಯ ವಿಷಯ ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ.

ಅವಳ ಹೆಸರು ಮುಕ್ತಾ ಸಾಳ್ವೆ, ಅಸ್ಪೃಶ್ಯರೆಂದು ದೂರವಿಟ್ಟಿದ್ದ ಮಾಂಗ್ ಸಮುದಾಯದವಳು. ಮೂರು ವರ್ಷ ಶಾಲೆ ಕಲಿತು, ಹದಿನಾಲ್ಕರ ಸುಮಾರಿಗೆ ಮಾಂಗ್ ಮತ್ತು ಮಹಾರರ ದುಃಖವನ್ನು ಕುರಿತು ಒಂದು ಪ್ರಬಂಧ ಬರೆದಳು. 1855ರಲ್ಲಿ ‘ಜ್ಞಾನೋದಯ’ ಪತ್ರಿಕೆ ಅದನ್ನು ಅಚ್ಚು ಹಾಕಿತು. ವೇದ ಬ್ರಾಹ್ಮಣರಿಗಷ್ಟೇ ಸೇರಿದ್ದು, ನಾವು ಅದನ್ನು ನೋಡಲೂ ಕೂಡದು ಅನ್ನುವುದಾದರೆ ನಮಗೆ ಗ್ರಂಥವೇ ಇಲ್ಲವೆಂದಾಯಿತು. ಹಾಗಾದರೆ ನಮ್ಮ ಧರ್ಮ ಯಾವುದು ಎಂದು ಆ ಹುಡುಗಿ ದೇವರನ್ನೇ ಕೇಳುತ್ತಾಳೆ. ತಲೆಯ ಮೇಲೆ ಸೂರಿಲ್ಲದೆ ಮಳೆ ಚಳಿಯಲ್ಲಿ ಹೆರುವ ತನ್ನ ಕೇರಿಯ ಹೆಂಗಸರ ಪಾಡನ್ನು ಬರೆಯುತ್ತಾಳೆ. ನಮ್ಮವರೂ ಓದಬೇಕು ಎಂದು ಅಂಗಲಾಚುತ್ತಾಳೆ. ಅಷ್ಟು ಕಾಲ ಯಾರೂ ಬಾಯಿಬಿಟ್ಟು ಕೇಳಲು ಬಿಡದಿದ್ದ ಪ್ರಶ್ನೆ, ಅಕ್ಷರ ಸಿಕ್ಕ ಮೂರೇ ವರ್ಷಕ್ಕೆ ಅಚ್ಚಿನಲ್ಲಿ ಬಂತು. ವಿದ್ಯೆಯ ಮಹತ್ವದ ಬಗ್ಗೆ ಎಷ್ಟೋ ದೊಡ್ಡವರ ಮಾತು ಓದಿದ್ದೇನೆ, ಎಷ್ಟೋ ಭಾಷಣ ಕೇಳಿದ್ದೇನೆ. ಈ ಪ್ರಬಂಧದ ಮುಂದೆ ನನಗೆ ಅವೆಲ್ಲ ಸಪ್ಪೆಯಾಗಿ ಕಾಣುತ್ತವೆ.

1882ರಲ್ಲಿ ಹಂಟರ್ ಆಯೋಗ ಶಿಕ್ಷಣದ ಬಗ್ಗೆ ವಿಚಾರಣೆಗೆ ಬಂದಾಗ ಫುಲೆ ಅವರು ಒಂದು ಮನವಿ ಕೊಟ್ಟರು. ಸರ್ಕಾರದ ಬೊಕ್ಕಸ ತುಂಬುವುದು ರೈತನ ಬೆವರಿನಿಂದ. ಆ ದುಡ್ಡಿನಲ್ಲಿ ನಡೆಯುವ ಉನ್ನತ ಶಿಕ್ಷಣದ ಫಲ ಉಣ್ಣುವವರು ಮೇಲಿನವರು. ಮೇಲಿನವರು ಕಲಿತರೆ ವಿದ್ಯೆ ತಾನಾಗಿ ಕೆಳಗಿಳಿಯುತ್ತದೆಂಬ ನಂಬಿಕೆ ಸುಳ್ಳಾಯಿತು ಎಂದು ನೇರವಾಗಿ ಹೇಳಿದರು. ಕನಿಷ್ಠ ಹನ್ನೆರಡು ವರ್ಷ ವಯಸ್ಸಿನವರೆಗೆ ಎಲ್ಲ ಮಕ್ಕಳಿಗೂ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಲಿ, ಒಕ್ಕಲು ಮನೆತನದವರೂ ಮೇಷ್ಟ್ರಾಗಲಿ, ಹಳ್ಳಿಶಾಲೆಯಲ್ಲಿ ಲೆಕ್ಕದ ಜೊತೆಗೆ ಬೇಸಾಯ, ಆರೋಗ್ಯದ ಪಾಠವೂ ಇರಲಿ ಎಂದು ಕೇಳಿದರು. ಅದು ಬೇಗ ಕೈಗೂಡಲಿಲ್ಲ. ಕಡ್ಡಾಯ ಶಿಕ್ಷಣಕ್ಕಾಗಿ ಗೋಪಾಲಕೃಷ್ಣ ಗೋಖಲೆಯವರು 1911ರಲ್ಲಿ ಮಂಡಿಸಿದ ಮಸೂದೆ ಮರುವರ್ಷವೇ ಬಿದ್ದುಹೋಯಿತು. ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್‌ನಲ್ಲಿ. ನಿಮಗೆ ಸಲೀಸಾಗಿ ಸಿಕ್ಕ ಒಂದನೇ ಕ್ಲಾಸಿನ ಹಿಂದೆ ಇಷ್ಟು ದೊಡ್ಡ ಕಾಯುವಿಕೆ ಇದೆ.

ಫುಲೆ ಅವರನ್ನು ಗುರುವೆಂದು ಕರೆದ ಅಂಬೇಡ್ಕರ್ ಬರೋಡಾ ಮಹಾರಾಜರ ಸ್ಕಾಲರ್‌ಶಿಪ್‌ನಿಂದ 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಎಂ.ಎ. ಮುಗಿಸಿ, ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು, 1917ರಲ್ಲಿ ಬರೋಡಾದ ಕೆಲಸಕ್ಕೆ ಬಂದರು. ಅಸ್ಪೃಶ್ಯ ಜಾತಿಯವರೆಂದು ಅಲ್ಲಿ ಅವರಿಗೆ ಉಳಿಯಲು ಜಾಗವಿಲ್ಲ. ಒಂದು ಪಾರ್ಸಿ ಛತ್ರದಲ್ಲಿ ಇದ್ದರೆ ದೊಣ್ಣೆ ಹಿಡಿದವರು ಬಂದು ಹೊರಹಾಕಿದರು. ದೊಡ್ಡ ಡಿಗ್ರಿ ಸಿಕ್ಕ ಮಾತ್ರಕ್ಕೆ ಊರು ಬದಲಾಗುವುದಿಲ್ಲ ಎಂಬುದು ಅವರಷ್ಟು ಚೆನ್ನಾಗಿ ಯಾರಿಗೆ ಗೊತ್ತಿತ್ತು? ಅಷ್ಟಾದರೂ ಅವರು ಓದಿನ ಮೇಲಿನ ನಂಬಿಕೆ ಬಿಡಲಿಲ್ಲ. 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಕಟ್ಟಿದರು, ಮರುವರ್ಷ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದರು. ತಾನು ಕಲಿತದ್ದು ತನ್ನ ಹಿಂದೆ ಬರುವವರಿಗೂ ದಕ್ಕಬೇಕು ಎಂಬ ಹಟ ಅದು.

ನಮ್ಮಲ್ಲೂ ಅಂಥವರಿದ್ದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬೆಂಗಳೂರಿಗೆ ನಡೆದೇ ಬಂದು ಹೈಸ್ಕೂಲು ಸೇರಿದ ಎಚ್. ನರಸಿಂಹಯ್ಯ ಮುಂದೆ ಅಮೆರಿಕದಲ್ಲಿ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆದರು. ಬದುಕಿದ್ದು ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲಿ, ವಿದ್ಯಾರ್ಥಿಗಳ ನಡುವೆ. ಪ್ರಶ್ನೆ ಮಾಡದೆ ಯಾವುದನ್ನೂ ಒಪ್ಪಬೇಡಿ ಎಂಬುದೇ ಅವರ ಪಾಠದ ತಿರುಳಾಗಿತ್ತು.

ಈಗ ನಿಮ್ಮ ವಿಷಯಕ್ಕೆ ಬರೋಣ. ಇಂಪಾರ್ಟೆಂಟ್ ಪ್ರಶ್ನೆಗಳನ್ನು ಬಾಯಿಪಾಠ ಮಾಡಿದರೆ ಪಾಸಾಗಬಹುದು, ರ‍್ಯಾಂಕೂ ಬರಬಹುದು. ಆದರೆ ಮುಕ್ತಾಳಂತೆ ನಿಮ್ಮ ಮನೆ, ಬೀದಿ, ಊರನ್ನು ನೋಡಿ ಒಂದು ಸ್ವಂತ ಪ್ರಶ್ನೆ ಹುಟ್ಟದಿದ್ದರೆ ಆ ಓದು ಇನ್ನೂ ನಿಮಗೆ ದಕ್ಕಿಲ್ಲ. ಕ್ಲಾಸಿನಲ್ಲಿ ಅರ್ಥವಾಗದ್ದನ್ನು ಎದ್ದು ನಿಂತು ಕೇಳಿ, ನಾಚಿಕೊಳ್ಳಬೇಡಿ. ಲೈಬ್ರರಿಯಲ್ಲಿ ಸಿಲಬಸ್ಸಿಗೆ ಸೇರದ ಪುಸ್ತಕವನ್ನೂ ಕೈಗೆತ್ತಿಕೊಳ್ಳಿ. ಅಪ್ಪ ಅಮ್ಮನ ಕೆಲಸದ ಬಗ್ಗೆ ಯಾರಾದರೂ ಕೇಳಿದರೆ ತಲೆಯೆತ್ತಿ ಹೇಳಿ. ಅದನ್ನು ಮುಚ್ಚಿಡಲು ಕಲಿಸುವ ಓದು ಓದೇ ಅಲ್ಲ.

ಕಡೆಯದಾಗಿ ಒಂದು ಕೋರಿಕೆ. ಶಾಲೆ ಬಿಟ್ಟು ಗ್ಯಾರೇಜಿಗೋ ಹೋಟೆಲಿಗೋ ಸೇರಿದ ಹುಡುಗ, ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದ ಹುಡುಗಿ ನಿಮ್ಮ ಬೀದಿಯಲ್ಲೂ ಇರಬಹುದು. ಬರುವ ಭಾನುವಾರ ಅವರ ಮನೆಗೆ ಹೋಗಿ, ದೊಡ್ಡವರ ಹತ್ತಿರ ಕೂತು ಮಾತಾಡಿ, ಮಗುವನ್ನು ಮತ್ತೆ ಶಾಲೆಗೆ ಸೇರಿಸಲು ನೀವೇ ಜೊತೆಗೆ ಹೋಗಿ ಬನ್ನಿ.